ಗಿಟಾರ್ ಬಿರುಕು: ಮುಂಬೈನ ಮದ್ದು ಪುಣೆಗೆ ಒಗ್ಗಲಿಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಮೂರು ವರ್ಷ ಮುಂಬೈನ ಮಾಟುಂಗಾದಲ್ಲಿದ್ದೆ, ಹೋದ ಜೂನ್‌ನಲ್ಲಿ ಕೆಲಸದ ಮೇಲೆ ಪುಣೆಯ ಹಿಂಜವಡಿಗೆ ಬಂದೆ. ನನ್ನ ಹತ್ತಿರ 38,000 ರೂಪಾಯಿಯ ಅಕೌಸ್ಟಿಕ್ ಗಿಟಾರ್ ಇದೆ. ಮೇಲ್ಹಲಗೆ ಸಾಲಿಡ್ ಸ್ಪ್ರೂಸ್, ಅಂದರೆ ಪ್ಲೈ ಅಲ್ಲ, ಒಂದೇ ಪದರದ ಸ್ಪ್ರೂಸ್ ಮರ. ಮುಂಬೈನಲ್ಲಿ ಒಂದು ಸಲ ಬೂಷ್ಟು ಹಿಡಿದಿತ್ತು. ಆವಾಗಿನಿಂದ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ತಿಂಗಳಿಗೊಮ್ಮೆ ತವಾ ಮೇಲೆ ಬಿಸಿ ಮಾಡಿ, ಹರಳು ನೀಲಿಯಾದ ಮೇಲೆ ಮತ್ತೆ ಹಾಕುತ್ತೇನೆ. ಪುಣೆಯಲ್ಲೂ ತಪ್ಪಿಸಿಲ್ಲ. ಫೆಬ್ರುವರಿಯಲ್ಲಿ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಫ್ರೆಟ್ ತಂತಿಗಳ ತುದಿ ಕೈಗೆ ಚುಚ್ಚುತ್ತಿದ್ದವು. ಹೋದ ವಾರ ರಾತ್ರಿ ಕೇಸಿನೊಳಗಿಂದ ‘ಟಪ್’ ಅಂತ ಸದ್ದು ಬಂತು. ಬೆಳಿಗ್ಗೆ ನೋಡಿದರೆ ಬ್ರಿಜ್‌ನ (ಮೇಲ್ಹಲಗೆ ಮೇಲೆ ತಂತಿ ಕಟ್ಟುವ ಮರದ ಪಟ್ಟಿ) ಕೆಳಗಿನಿಂದ ಅಂಚಿನವರೆಗೆ ಸುಮಾರು 6 ಇಂಚು ಉದ್ದದ ಬಿರುಕು. ಅಂಗಡಿಯವರು ವಾರಂಟಿ ಬರುವುದಿಲ್ಲ ಅಂದರು. ಗೆಳೆಯ ಸೂಪರ್ ಗ್ಲೂ ಹಾಕು ಅಂತಾನೆ. ಮಾವ ಕೊಬ್ಬರಿ ಎಣ್ಣೆ ಸವರು ಅಂತಾರೆ. ದಿನಾ ತಂತಿ ಸಡಿಲ ಮಾಡದಿದ್ದದ್ದೇ ತಪ್ಪು ಅನ್ನುವವರೂ ಇದ್ದಾರೆ. ನನ್ನ ಗಿಟಾರ್ ಕಥೆ ಮುಗಿಯಿತಾ? ಮಡಗಾಂವಿನಲ್ಲಿರುವ ತಂಗಿಯೂ ಗಿಟಾರ್ ಕೊಳ್ಳುತ್ತಿದ್ದಾಳೆ, ಅವಳಿಗೆ ಏನು ಹೇಳಲಿ?

ಉತ್ತರ: ಮುಗಿದಿಲ್ಲ. ನೀವು ಬರೆದ ಜಾಗದ ಬಿರುಕನ್ನು ಏಪ್ರಿಲ್-ಮೇ ತಿಂಗಳಲ್ಲಿ ಗಿಟಾರ್ ರಿಪೇರಿ ಮಾಡುವ ನಾನು ಜಾಸ್ತಿ ನೋಡುತ್ತೇನೆ, ಸರಿಮಾಡಲು ಕಷ್ಟವಾದದ್ದಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗಿಟಾರಿನ ಆರೈಕೆಯಲ್ಲಿ ನೀವು ಏನೂ ಕಡಿಮೆ ಮಾಡಲಿಲ್ಲ. ಮಾಡಿದ್ದೇ ಜಾಸ್ತಿಯಾಯಿತು. ಆ ನೀಲಿ ಹರಳುಗಳನ್ನು ಈಗಲೇ ಕೇಸಿನಿಂದ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿ.

ತೆಗೆದಿರಾ? ಸರಿ.

ಮರಕ್ಕೆ ಒಂದು ಗುಣ ಇದೆ. ಕಡಿದು, ಒಣಗಿಸಿ, ಪಾಲಿಶ್ ಹಾಕಿದ ಮೇಲೂ ಅದು ಸುತ್ತಲಿನ ಹವೆಯಿಂದ ತೇವ ಹೀರುತ್ತದೆ, ಹವೆ ಒಣಗಿದರೆ ತೇವ ಬಿಡುತ್ತದೆ. ಮಳೆಗಾಲದಲ್ಲಿ ನಿಮ್ಮ ಹುಬ್ಬಳ್ಳಿ ಮನೆಯ ಹಿತ್ತಿಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಬೇಕಾಗುತ್ತದೆ ಅಲ್ವಾ? ಅದೇ ಬಾಗಿಲು ಮಾರ್ಚ್‌ನಲ್ಲಿ ಗಾಳಿಗೆ ತಾನೇ ಬಡಿದುಕೊಳ್ಳುತ್ತದೆ. ಗಿಟಾರಿನಲ್ಲೂ ಆಗುವುದು ಅದೇ. ಆದರೆ ಬಾಗಿಲು ಒಂದು ಇಂಚಿಗಿಂತ ದಪ್ಪ, ನಾಲ್ಕೂ ಕಡೆ ಬಿಡುವು. ಗಿಟಾರಿನ ಮೇಲ್ಹಲಗೆ ಬರೀ 3 ಮಿಲಿಮೀಟರ್ ಆಸುಪಾಸು, ಅದನ್ನು ಸುತ್ತಲೂ ಅಂಟು ಹಾಕಿ ಬಿಗಿದಿರುತ್ತಾರೆ.

ಇನ್ನೊಂದು ವಿಷಯ. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ನಿಮ್ಮ ಗಿಟಾರಿನ ಹೊಟ್ಟೆಯ ಭಾಗ ಸುಮಾರು 40 ಸೆಂಟಿಮೀಟರ್ ಅಗಲ ಇರುತ್ತದೆ. ಹವೆಯ ತೇವಾಂಶ 50%ರಿಂದ 25%ಕ್ಕೆ ಇಳಿದು ಅಲ್ಲೇ ಕೆಲವು ವಾರ ನಿಂತರೆ, ಆ ಅಗಲದ ಸ್ಪ್ರೂಸ್ ಹಲಗೆ ಸುಮಾರು 2 ಮಿಲಿಮೀಟರ್ ಕುಗ್ಗಲು ನೋಡುತ್ತದೆ. ‘ನೋಡುತ್ತದೆ’ ಅಂದೆ, ಯಾಕೆಂದರೆ ಕುಗ್ಗಲು ಅದಕ್ಕೆ ಬಿಡುವವರಿಲ್ಲ. ಒಳಗೆ ಅಡ್ಡಡ್ಡ ಅಂಟಿಸಿದ ಬ್ರೇಸ್ ಪಟ್ಟಿಗಳಿವೆ. ಅವುಗಳ ಎಳೆ ಬೇರೆ ದಿಕ್ಕಿಗೆ, ಅವು ಅಷ್ಟು ಕುಗ್ಗುವುದಿಲ್ಲ. ಮೇಲೆ ಬ್ರಿಜ್ ಕೂತಿದೆ, ಅದು ಬೀಟೆ ಅಥವಾ ಕರಿಮರ, ಅದರ ಎಳೆಯೂ ಅಡ್ಡಕ್ಕೆ. ಹಲಗೆ ಕುಗ್ಗಬೇಕು, ಪಟ್ಟಿ ಬಿಡುವುದಿಲ್ಲ. ಕೊನೆಗೆ ಹಲಗೆ ತನ್ನ ಎಳೆಯ ಗುಂಟ ಸೀಳಿಕೊಳ್ಳುತ್ತದೆ. ನೀವು ಕೇಳಿದ ‘ಟಪ್’ ಅದೇ. ಎಷ್ಟೋ ಜನ ಅದನ್ನು ಹಲ್ಲಿ ಸದ್ದು ಅಂದುಕೊಂಡು ಮಲಗಿಬಿಡುತ್ತಾರೆ.

ಈಗ ಊರಿನ ವಿಷಯಕ್ಕೆ ಬನ್ನಿ. ಮುಂಬೈನಲ್ಲಿ ಸಮುದ್ರ ಪಕ್ಕದಲ್ಲೇ ಇದೆ. ಏಪ್ರಿಲ್‌ನ ಮಧ್ಯಾಹ್ನ ಮೈಯೆಲ್ಲ ಅಂಟಂಟು ಆಗುವ ಊರು ಅದು. ಅಲ್ಲಿ ಗಿಟಾರಿಗೆ ತೊಂದರೆ ಕೊಡುವುದು ತೇವ, ಆದ್ದರಿಂದ ಸಿಲಿಕಾ ಸರಿಯಾದ ಮದ್ದೇ. ಖಂಡಾಲಾ ಘಾಟ್ ಹತ್ತಿ ಈಚೆ ಬಂದರೆ ಕಥೆಯೇ ಬೇರೆ. ಪುಣೆಯಲ್ಲಿ ಜುಲೈ-ಆಗಸ್ಟ್‌ನಲ್ಲಿ ತೇವಾಂಶ 80% ದಾಟುತ್ತದೆ, ಮಾರ್ಚ್-ಏಪ್ರಿಲ್ ಮಧ್ಯಾಹ್ನ 20-25%ಕ್ಕೆ ಬಂದು ಮುಟ್ಟುತ್ತದೆ. ಒಗೆದ ಬಟ್ಟೆ ಒಂದು ತಾಸಿನಲ್ಲಿ ಗರಿಗರಿ. ತುಟಿ ಒಡೆಯುತ್ತದೆ. ಆ ಹವೆಯಲ್ಲಿ ಗಿಟಾರನ್ನು ಮುಚ್ಚಿದ ಕೇಸಿನೊಳಗಿಟ್ಟು, ಜೊತೆಗೆ ತವಾದಲ್ಲಿ ಹುರಿದ ಸಿಲಿಕಾ ಹಾಕಿದರೆ, ಕೇಸಿನೊಳಗಿನ ತೇವಾಂಶ ಹೊರಗಿನದಕ್ಕಿಂತಲೂ ಕೆಳಗಿಳಿಯುತ್ತದೆ. ಮೊದಲೇ ಬಾಯಾರಿದವನಿಗೆ ಉಪ್ಪಿನಕಾಯಿ ತಿನ್ನಿಸಿದ ಹಾಗೆ. ಒಂದು ವೇಳೆ ಜುಲೈನಲ್ಲಿ ಹಾಕಿದ ಪೊಟ್ಟಣವನ್ನು ನೀವು ಮರೆತುಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಅದು ನೀರು ಕುಡಿದು ಸುಮ್ನೆ ಕೂತಿರುತ್ತಿತ್ತು. ತಿಂಗಳು ತಿಂಗಳು ಬಿಸಿ ಮಾಡಿದ ನಿಮ್ಮ ಶಿಸ್ತೇ ಮುಳುವಾಯಿತು.

(ಅಡುಗೆ ತವಾ ಬಗ್ಗೆಯೂ ಒಂದು ಮಾತು. ಆ ನೀಲಿ ಬಣ್ಣ ಸಾಮಾನ್ಯವಾಗಿ ಕೋಬಾಲ್ಟ್ ಕ್ಲೋರೈಡ್‌ನದು, ಅದು ವಿಷ. ಚಪಾತಿ ಮಾಡುವ ತವಾದಲ್ಲಿ ಅದನ್ನು ಇನ್ನು ಹುರಿಯಬೇಡಿ. ಬೇಕಾದರೆ ಕಿತ್ತಳೆ ಬಣ್ಣದ ಹರಳು ತನ್ನಿ, ಅದಕ್ಕೂ ಬೇರೆ ಪಾತ್ರೆ ಇಟ್ಟುಕೊಳ್ಳಿ.)

ಗಿಟಾರ್ ಫೆಬ್ರುವರಿಯಲ್ಲೇ ನಿಮಗೆ ಹೇಳಿತ್ತು. ಫ್ರೆಟ್ ತುದಿ ಚುಚ್ಚುವುದು ಅಂದರೆ ತಂತಿ ಬೆಳೆದದ್ದಲ್ಲ, ಫ್ರೆಟ್‌ಗಳು ಕೂತಿರುವ ಫ್ರೆಟ್‌ಬೋರ್ಡಿನ ಮರ ಒಣಗಿ ಒಳಕ್ಕೆ ಸರಿದದ್ದು. ಆಮೇಲೆ ಇನ್ನೂ ಎರಡು ಗುರುತು ಕಾಣಿಸುತ್ತವೆ. ಒಳ್ಳೆ ಗಿಟಾರಿನ ಮೇಲ್ಹಲಗೆ ಪೂರಾ ಸಪಾಟಾಗಿರುವುದಿಲ್ಲ, ಸ್ವಲ್ಪ ಉಬ್ಬಿರುತ್ತದೆ. ಒಣಗಿದಾಗ ಆ ಉಬ್ಬು ಇಳಿದು, ಹಲಗೆ ಕುಸಿದಂತೆ ಕಾಣುತ್ತದೆ. ಅದರ ಜೊತೆ ತಂತಿಗಳೂ ಕೆಳಗೆ ಬಂದು ಫ್ರೆಟ್‌ಗೆ ತಾಗಿ ಜುಯ್ ಅನ್ನುತ್ತವೆ. ಆಗ ಜನ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ) ಎತ್ತರಿಸಿ ಕೊಡಿ ಅಂತ ನನ್ನ ಹತ್ತಿರ ತರುತ್ತಾರೆ. ನಾನು ಸ್ಯಾಡಲ್ ಮುಟ್ಟುವುದಿಲ್ಲ. ಕೇಸಿನೊಳಗೆ ಗಿಟಾರಿಗೆ ತೇವ ಕೊಟ್ಟು ಎರಡು ವಾರ ಬಿಟ್ಟು ತನ್ನಿ ಅಂತೇನೆ. ಮುಖ ಸಿಂಡರಿಸಿಕೊಂಡು ಹೋಗುತ್ತಾರೆ, ಆಮೇಲೆ ಫೋನ್ ಮಾಡಿ ತಾನೇ ಸರಿಹೋಯಿತು ಅಂತಾರೆ.

ಇನ್ನು ನಿಮಗೆ ಬಂದ ಸಲಹೆಗಳು. ತಂತಿ ಸಡಿಲ ಮಾಡುವುದರಿಂದ ಶುರು ಮಾಡೋಣ. ಲೈಟ್ ಗೇಜ್, ಅಂದರೆ ತೆಳ್ಳನೆಯ ಆರು ತಂತಿಗಳ ಒಟ್ಟು ಎಳೆತ 70 ಕಿಲೋಗಿಂತ ಜಾಸ್ತಿ, ನಿಜ. ಆದರೆ ಗಿಟಾರನ್ನು ಕಟ್ಟಿರುವುದೇ ಆ ಭಾರ ತಡೆಯಲು. ನಿಮ್ಮದರಂಥ ಬಿರುಕು ತಂತಿಯಿಂದ ಬಂದದ್ದಲ್ಲ. ಮರ ಒಣಗಿದರೆ ತಂತಿ ಇಲ್ಲದ ಗಿಟಾರೂ ಗೋಡೆಯ ಮೇಲೇ ಒಡೆಯುತ್ತದೆ. ಈಗ ಬಿರುಕು ಬಿಟ್ಟಿರುವುದರಿಂದ ರಿಪೇರಿ ಆಗುವವರೆಗೆ ಶ್ರುತಿಯನ್ನು ಒಂದೆರಡು ಸ್ವರ ಇಳಿಸಿಡಿ, ಸಾಕು. ಪೂರ್ತಿ ಬಿಚ್ಚಬೇಡಿ.

ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮರಕ್ಕೆ ಬೇಕಾದದ್ದು ನೀರಿನ ತೇವ, ಎಣ್ಣೆ ಅಲ್ಲ. ಎಣ್ಣೆ ಬಿರುಕಿನೊಳಗೆ ಇಳಿದರೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಮಾವನವರಿಗೆ ಸಿಟ್ಟು ಬಾರದ ಹಾಗೆ ಹೇಳಿ. ಸೂಪರ್ ಗ್ಲೂ ಇನ್ನೂ ಕೆಟ್ಟದ್ದು. ನೀರಿನ ಹಾಗೆ ಹರಿದು ಸ್ಪ್ರೂಸ್‌ನ ಎಳೆಯೊಳಗೆ ಸೇರಿ ಕಪ್ಪು ಗೆರೆ ಬಿಡುತ್ತದೆ, ಪಾಲಿಶ್ ಮೇಲೆ ಬಿದ್ದರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ರಿಪೇರಿಗಿಂತ ಅದನ್ನು ಕೆರೆದು ತೆಗೆಯುವುದಕ್ಕೇ ನನಗೆ ಹೆಚ್ಚು ಹೊತ್ತು ಹಿಡಿದ ದಿನಗಳಿವೆ. ಫೆವಿಕಾಲ್ ಬಳಿದುಕೊಂಡು ಬಂದವರೂ ಇದ್ದಾರೆ. ಕಪಾಟಿಗೆ ಅದು ಒಳ್ಳೆಯದೇ. ಆದರೆ ಎಳೆತದಲ್ಲಿ, ಬಿಸಿಲ ಧಗೆಯಲ್ಲಿ ಬಿಳಿ ಅಂಟು ನಿಧಾನಕ್ಕೆ ಜಾರುತ್ತದೆ, ಆಮೇಲೆ ಅದರ ಮೇಲೆ ಬೇರೆ ಅಂಟು ಕೂರುವುದಿಲ್ಲ.

ದುಬಾರಿ ಗಿಟಾರ್ ಬಿರುಕು ಬಿಡುವುದಿಲ್ಲ ಅನ್ನುವ ನಂಬಿಕೆಯೂ ಇದೆ. ನಡೆಯುವುದು ಉಲ್ಟಾ. 6,000 ರೂಪಾಯಿಯ ಗಿಟಾರಿನ ಮೇಲ್ಹಲಗೆ ಪ್ಲೈ. ಎಳೆಗಳು ಅಡ್ಡ-ಉದ್ದ ಕೂತಿರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಸೀಳುವುದು ತೀರಾ ಅಪರೂಪ. ದನಿಯೂ ಅಷ್ಟಕ್ಕಷ್ಟೇ. ಸಾಲಿಡ್ ಹಲಗೆ ಚೆನ್ನಾಗಿ ನುಡಿಯುತ್ತದೆ, ಹವೆಗೆ ಬೇಗ ಬಾಗುತ್ತದೆ. ಇದನ್ನು ನಿಮ್ಮ ತಂಗಿಗೂ ಹೇಳಿ. ಅಂಗಡಿಯಲ್ಲಿ ಸೌಂಡ್ ಹೋಲ್‌ನ (ಮೇಲ್ಹಲಗೆಯ ದುಂಡನೆ ತೂತು) ಅಂಚಿಗೆ ಟಾರ್ಚ್ ಹಿಡಿದು ನೋಡಲಿ. ಮೇಲಿನ ಎಳೆಗಳೇ ಅಂಚಿನಲ್ಲಿ ಕೆಳಗಿನವರೆಗೆ ಇಳಿದು ಬಂದಿದ್ದರೆ ಸಾಲಿಡ್, ಪದರ ಪದರ ಕಂಡರೆ ಪ್ಲೈ.

ವಾರಂಟಿ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಸರಿಯೇ. ಒಣ ಹವೆಯಿಂದ ಅಥವಾ ತೇವದಿಂದ ಆದ ಹಾನಿಯನ್ನು ಹೆಚ್ಚಿನ ಕಂಪನಿಗಳು ವಾರಂಟಿಯಿಂದ ಹೊರಗಿಟ್ಟಿರುತ್ತವೆ. ಅದರ ಹಿಂದೆ ಓಡಾಡಿ ಸಮಯ ಕಳೆಯಬೇಡಿ.

ಈಗ ನಿಮ್ಮ ಬಿರುಕನ್ನೇ ಹತ್ತಿರದಿಂದ ನೋಡಿ. ಉಗುರನ್ನು ಗೆರೆಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಮಾತ್ರ ಒಡೆದಿರಬಹುದು, ಅದು ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ. ಸಿಕ್ಕಿಕೊಂಡರೆ, ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಸೌಂಡ್ ಹೋಲ್ ಒಳಗೆ ಇಳಿಬಿಡಿ. ಬಿರುಕಿನ ಗುಂಟ ಕೂದಲೆಳೆಯಷ್ಟು ಬೆಳಕು ಹೊರಗೆ ಬಂದರೆ ಮರ ಆರಪಾರ ಸೀಳಿದೆ ಅಂತ ಅರ್ಥ. ಬಿರುಕಿನ ಎರಡೂ ಬದಿಯನ್ನು ಬೆರಳಿನಿಂದ ತುಸು ಒತ್ತಿ. ಒಂದು ಬದಿ ಮಾತ್ರ ಕೆಳಗೆ ಹೋದರೆ, ಅಥವಾ ಒಳಗಿನಿಂದ ಕಟಕಟ ಸದ್ದು ಬಂದರೆ, ಬ್ರೇಸ್ ಕೂಡ ಬಿಟ್ಟಿರಬಹುದು. ಆಗ ನುಡಿಸುವುದನ್ನು ನಿಲ್ಲಿಸಿ.

ಬಿರುಕಿನ ಜಾಗವೂ ಕಥೆ ಹೇಳುತ್ತದೆ. ಮೇಲ್ಹಲಗೆಯನ್ನು ಎರಡು ತುಂಡು ಜೋಡಿಸಿ ಮಾಡುತ್ತಾರೆ. ಸರಿಯಾಗಿ ನಡುವೆ ಬಿಟ್ಟಿದ್ದರೆ ಅದು ಸೀಳಲ್ಲ, ಬೆಸುಗೆ ಬಿಟ್ಟದ್ದು, ಇನ್ನೂ ಸುಲಭ. ಫ್ರೆಟ್‌ಬೋರ್ಡಿನ ತುದಿಯ ಪಕ್ಕದಲ್ಲಿ ಬಂದರೆ ಫ್ರೆಟ್‌ಬೋರ್ಡಿನ ಮರ ಬೇರೆ ಲೆಕ್ಕದಲ್ಲಿ ಕುಗ್ಗಿದ್ದು. ಅಮೆರಿಕದ ಮಾರ್ಟಿನ್ ಕಂಪನಿಯ ಹಳೆ ಗಿಟಾರ್‌ಗಳಲ್ಲಿ ಪಿಕ್‌ಗಾರ್ಡ್ (ಮೇಲ್ಹಲಗೆಗೆ ಗೀಚು ಬೀಳದಂತೆ ಅಂಟಿಸುವ ಹಾಳೆ) ಪಕ್ಕ ಬರುವ ಬಿರುಕು ಹೆಸರುವಾಸಿ. ಆಗ ಪ್ಲಾಸ್ಟಿಕ್ ಪಿಕ್‌ಗಾರ್ಡನ್ನು ಪಾಲಿಶ್ ಇಲ್ಲದ ಬರಿ ಮರಕ್ಕೇ ಅಂಟಿಸುತ್ತಿದ್ದರು. ವರ್ಷ ಕಳೆದಂತೆ ಪ್ಲಾಸ್ಟಿಕ್ ಮುದುಡಿ ಮರವನ್ನೂ ಎಳೆದು ಸೀಳುತ್ತಿತ್ತು. ಬಿದ್ದು ಆದ ಬಿರುಕಿನ ಗೆರೆ ನೇರ ಇರುವುದಿಲ್ಲ, ಚೂರು ಎದ್ದಿರುತ್ತದೆ.

ರಿಪೇರಿಗೆ ಮುಂಚೆ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ನಾನು ಧಾರವಾಡದವನು, ಮರದ ಕೆಲಸ ಕಲಿತದ್ದು ಮಿರಜ್‌ನಲ್ಲಿ, ಸಿತಾರ್-ತಂಬೂರಿ ಮಾಡುವವರ ಕೈಕೆಳಗೆ. ಗಿಟಾರಿಗೆ ಬಂದದ್ದು ಆಮೇಲೆ. ಪುಣೆಗೆ ಬಂದ ಹೊಸದರಲ್ಲಿ ಒಂದು ಗಿಟಾರ್ ಬಂತು, ಏಪ್ರಿಲ್ ತಿಂಗಳು, ಬಿರುಕು ಒಂದು ಕಾರ್ಡು ತೂರುವಷ್ಟು ಅಗಲ. ನಾನು ಸ್ಪ್ರೂಸ್‌ನ ಹೊಟ್ಟು ಅಂಟಿನಲ್ಲಿ ಕಲಸಿ, ತುಂಬಿ, ಉಜ್ಜಿ, ಹೊಳಪು ಕೊಟ್ಟೆ. ಕನ್ನಡಿ ಹಾಗೆ ಆಯಿತು. ಹುಡುಗ ಖುಷಿಯಾಗಿ ಹೋದ. ಆಗಸ್ಟ್‌ನಲ್ಲಿ ವಾಪಸ್ ಬಂದ. ನಾನು ತುಂಬಿದ ಜಾಗದಲ್ಲಿ ಹಲಗೆ ಬದುವಿನ ಹಾಗೆ ಎದ್ದು ನಿಂತಿತ್ತು, ಪಕ್ಕದಲ್ಲಿ ಒಂದು ಬ್ರೇಸ್ ಬಿಟ್ಟಿತ್ತು. ಮಳೆಗೆ ಮರ ಹಿಗ್ಗಿ ಬಿರುಕು ತಾನೇ ಮುಚ್ಚಿಕೊಳ್ಳಲು ಬಂದಿದೆ, ಅಲ್ಲಿ ನನ್ನ ಹೊಟ್ಟು ಕೂತಿದೆ. ಮಿರಜ್‌ಗೆ ಹೋದಾಗ ನಮ್ಮ ಉಸ್ತಾದರಿಗೆ ಹೇಳಿದೆ. ಅವರು ತಂಬೂರಿ ಬುರುಡೆ ಉಜ್ಜುವುದನ್ನು ನಿಲ್ಲಿಸಲೂ ಇಲ್ಲ. “ಒಣಗಿದ ಮರಕ್ಕ ಅಂಟು ಯಾಕ ಹಾಕ್ದಿ?” ಅಂದರು, ಅಷ್ಟೇ. ಆ ಗಿಟಾರನ್ನು ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿಕೊಟ್ಟೆ.

ಆದ್ದರಿಂದ ನಿಮ್ಮ ಗಿಟಾರಿಗೆ ಮೊದಲ ಕೆಲಸ ಅಂಟಲ್ಲ, ತೇವ. ಎರಡು ಸಣ್ಣ ಪ್ಲಾಸ್ಟಿಕ್ ಸಾಬೂನು ಡಬ್ಬಿಗಳಿಗೆ ಸುತ್ತಲೂ ತೂತು ಹಾಕಿ. ಸ್ಪಂಜು ತುಂಡನ್ನು ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಡಬ್ಬಿಯೊಳಗಿಡಿ. ಒಂದು ಹನಿಯೂ ತೊಟ್ಟಿಕ್ಕಬಾರದು. ಕೇಸಿನಲ್ಲಿ ಗಿಟಾರಿನ ತಲೆಯ ಕಡೆ ಒಂದು ಡಬ್ಬಿ ಇಡಿ, ಇನ್ನೊಂದನ್ನು ಸೊಂಟದ ಹತ್ತಿರ. ಕೇಸ್ ಮುಚ್ಚಿ. ಎರಡು ದಿನಕ್ಕೊಮ್ಮೆ ನೋಡಿ, ಒಣಗಿದ್ದರೆ ಮತ್ತೆ ಅದ್ದಿ ಹಿಂಡಿ. ಒದ್ದೆ ಬಟ್ಟೆ ಸುತ್ತುವುದು, ಬಾತ್‌ರೂಮಿನಲ್ಲಿ ಇಡುವುದು, ಇಂಥ ಅವಸರ ಬೇಡ. ಒಂದೇ ದಿನ ನೀರು ಕುಡಿಸಿದರೆ ಬೇರೆ ಕಡೆ ಬಿಡುತ್ತದೆ. ಎರಡರಿಂದ ಮೂರು ವಾರ ಹಿಡಿಯಬಹುದು. ಬಿರುಕು ಒಂದೊಂದೇ ದಿನ ಸಣ್ಣದಾಗುತ್ತಾ ಬಂದು, ಕೊನೆಗೆ ಬೆಳಕು ತೂರದಷ್ಟು ಮುಚ್ಚಿಕೊಳ್ಳುತ್ತದೆ.

ಮುಚ್ಚಿಕೊಂಡಿತಲ್ಲ, ಹಾಗೇ ಬಿಟ್ಟರೆ ಆಗದೇ? ಕೆಲವರು ಬಿಡುತ್ತಾರೆ. ಬರುವ ಮಾರ್ಚ್‌ಗೆ ಮತ್ತೆ ತೆರೆಯುತ್ತದೆ, ಈ ಸಲ ಇನ್ನೂ ಒಂದಿಂಚು ಮುಂದೆ ಹೋಗುತ್ತದೆ. ನಡುವೆ ಬೆವರು, ಧೂಳು ಒಳಗೆ ಸೇರುತ್ತದೆ, ಆಮೇಲೆ ಅಂಟು ಸ್ವಚ್ಛವಾಗಿ ಕೂರುವುದಿಲ್ಲ. ಆದ್ದರಿಂದ ಮುಚ್ಚಿದ ಕೂಡಲೇ ಮಾಡಿಸಿಬಿಡಿ.

ಕೆಲಸ ಹೀಗಿರುತ್ತದೆ. ಟೈಟ್‌ಬಾಂಡ್‌ನಂಥ ಹಳದಿ ಅಂಟು, ಇಲ್ಲವೇ ಚರ್ಮದಿಂದ ತೆಗೆದ ಹಳೆ ಕಾಲದ ಬಿಸಿ ಅಂಟು, ಇಲ್ಲಿ ಮರಾಠಿಯಲ್ಲಿ ಸರಸ್ ಅನ್ನುತ್ತಾರೆ. ಅದನ್ನು ಬಿರುಕಿನ ಮೇಲೆ ಇಟ್ಟು, ಒಳಗಿನಿಂದ ಹಲಗೆಯನ್ನು ಮೆಲ್ಲಗೆ ಅಲುಗಿಸುತ್ತಾ ಬೆರಳಿನಿಂದ ತಿಕ್ಕುತ್ತೇವೆ. ಅಂಟು ಒಳಬದಿಯಲ್ಲಿ ಸಣ್ಣ ಮಣಿಗಳ ಸಾಲಿನ ಹಾಗೆ ಹೊರಬಂದರೆ ಪೂರಾ ತುಂಬಿದೆ ಅಂತ. ಮಟ್ಟ ಮಾಡಿ ಕ್ಲಾಂಪ್ ಹಾಕಿ ಒಂದು ದಿನ ಬಿಡುತ್ತೇವೆ. ಆಮೇಲೆ ಒಳಗಿನಿಂದ ಸ್ಪ್ರೂಸ್‌ನ ಚಿಕ್ಕ ಚಿಕ್ಕ ತೇಪೆಗಳು, ಕಾಜು ಬರ್ಫಿ ಆಕಾರದವು, ಅದಕ್ಕಿಂತ ಚಿಕ್ಕವು. ಅವುಗಳ ಎಳೆ ಬಿರುಕಿಗೆ ಅಡ್ಡ ಬರುವ ಹಾಗೆ, ಒಂದೆರಡು ಇಂಚಿಗೊಂದು. ಮತ್ತೆ ಅದೇ ಗೆರೆಯಲ್ಲಿ ತೆರೆಯದ ಹಾಗೆ ಹಿಡಿಯುವುದು ಇವೇ. ಸೌಂಡ್ ಹೋಲ್‌ನಲ್ಲಿ ಮೊಣಕೈವರೆಗೆ ಕೈ ತೂರಿಸಿ, ಕನ್ನಡಿಯಲ್ಲಿ ನೋಡುತ್ತಾ ಮಾಡುವ ಕೆಲಸ. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ ಅನ್ನುವುದು ನನ್ನ ಹೊಟ್ಟೆಪಾಡಿಗಲ್ಲ. ತಪ್ಪು ಅಂಟು ಒಮ್ಮೆ ಹೋದರೆ ತೆಗೆಯಲು ಬರುವುದಿಲ್ಲ.

ಎಷ್ಟು ತೇವ ಕೊಟ್ಟರೂ ಬಿರುಕು ಮುಚ್ಚದಿದ್ದರೆ, ಸ್ಪ್ರೂಸ್‌ನ ತೆಳ್ಳನೆ ಸೀಳನ್ನೇ ಕೆತ್ತಿ ಒಳಗೆ ಕೂರಿಸಬೇಕಾಗುತ್ತದೆ. ಖರ್ಚು ಜಾಸ್ತಿ, ಗೆರೆಯೂ ಜಾಸ್ತಿ ಕಾಣುತ್ತದೆ. ನಿಮ್ಮದು ಒಂದೇ ವಾರದ ಬಿರುಕು, ಅಲ್ಲಿಗೆ ಹೋಗಲಾರದು.

ರಿಪೇರಿ ಆದ ಮೇಲೂ ಕಣ್ಣಿಟ್ಟು ನೋಡಿದರೆ ಗೆರೆ ಕಾಣುತ್ತದೆ. ಅದನ್ನು ಅಳಿಸಲು ಇಡೀ ಹಲಗೆಗೆ ಹೊಸ ಪಾಲಿಶ್ ಕೊಡಬೇಕು, ಅದಕ್ಕೆ ನಾನು ಬೇಡ ಅಂತೇನೆ. ಪಾಲಿಶ್ ದಪ್ಪವಾದರೆ ದನಿ ಮಂಕಾಗುತ್ತದೆ. ಗೆರೆಯಿಂದ ದನಿಗೇನೂ ಆಗುವುದಿಲ್ಲ. ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ ನುಡಿಸುವ ಮಾರ್ಟಿನ್ ಗಿಟಾರಿನ ಮೇಲ್ಹಲಗೆಯಲ್ಲಿ ಉಜ್ಜಿ ಉಜ್ಜಿ ದೊಡ್ಡ ತೂತೇ ಬಿದ್ದಿದೆ. ಅದರಲ್ಲೇ ದಶಕಗಟ್ಟಲೆ ಹಾಡಿದ್ದಾರೆ. ಮಾರುವಾಗ ಬೆಲೆ ಕಡಿಮೆಯಾಗುತ್ತದೆ, ಅದು ಬೇರೆ ಮಾತು.

ಮುಂದೆ ಇದು ಆಗದ ಹಾಗೆ ನೋಡಿಕೊಳ್ಳಲು ಒಂದೇ ಸಾಮಾನು ಸಾಕು, ಹವೆಯ ತೇವಾಂಶ ಅಳೆಯುವ ಡಿಜಿಟಲ್ ಹೈಗ್ರೋಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ್ದು ಸುಳ್ಳು ಹೇಳುವುದುಂಟು, ಆದ್ದರಿಂದ ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಕೆಸರಿನ ಹಾಗೆ ಮಾಡಿ. ಕರಗಿಸಬೇಡಿ. ಅದನ್ನೂ ಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ ಒಂದು ದಿನ ಬಿಡಿ. 75% ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತದೆ ಅಂತ ಅದರ ಬೆನ್ನಿಗೆ ಬರೆದಿಡಿ. ಆಮೇಲೆ ಅದು ಕೇಸಿನೊಳಗೇ ಇರಲಿ. 45ರಿಂದ 55%ರ ನಡುವೆ ಇದ್ದರೆ ಮುಟ್ಟಬೇಡಿ. 40ಕ್ಕಿಂತ ಇಳಿದರೆ ಸ್ಪಂಜು. 65 ದಾಟಿದರೆ ಸಿಲಿಕಾ, ಅದೂ 50ಕ್ಕೆ ಬರುವವರೆಗೆ ಮಾತ್ರ. ಪುಣೆಯಲ್ಲಿ ಹೋಳಿ ಹುಣ್ಣಿಮೆಗೆ ಮುಂಚೆಯೇ ಸ್ಪಂಜು ಕೇಸಿಗೆ ಸೇರಬೇಕು, ಮೃಗಶಿರ ಮಳೆ ಹಿಡಿದ ಮೇಲೆ ಕೇಸಿನಿಂದ ಹೊರಗೆ ಬರಬೇಕು. ಈ ತಲೆನೋವೇ ಬೇಡ ಅನ್ನುವವರಿಗೆ ಬೊವೆಡಾದಂಥ 49%ರ ಪೊಟ್ಟಣಗಳಿವೆ. ತೇವ ಕಡಿಮೆಯಾದರೆ ಕೊಡುತ್ತವೆ, ಜಾಸ್ತಿಯಾದರೆ ಹೀರುತ್ತವೆ. ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಕೇಸ್ ಗಟ್ಟಿ ಮುಚ್ಚುವಂತಿರಬೇಕು. ಬಟ್ಟೆಯ ಚೀಲದಲ್ಲಿಟ್ಟರೆ ಪುಣೆಯ ಏಪ್ರಿಲ್ ಅವನ್ನು ಬೇಗ ಕುಡಿದು ಮುಗಿಸುತ್ತದೆ.

ಎಸಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಂಬೈನಲ್ಲಿ ಎಸಿ ರೂಮು ಗಿಟಾರಿಗೆ ಒಳ್ಳೆಯದೇ, ತೇವ ಇಳಿಸುತ್ತದೆ. ಎಲ್ಲೇ ಆದರೂ ಎಸಿ ಗಾಳಿ, ಕೂಲರ್ ಗಾಳಿ ನೇರ ಬಡಿಯಬಾರದು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬಾರದು. ಕಾರಿನಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ. ಮೇ ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಅಂಟು ಮೆತ್ತಗಾಗುವಷ್ಟು ಕಾಯುತ್ತದೆ, ತಂತಿ ಬ್ರಿಜ್ ಅನ್ನು ಎತ್ತಿಬಿಡುತ್ತದೆ.

ಇನ್ನು ತಂಗಿ. ಮಡಗಾಂವಿನಲ್ಲಿ ನಾನು ಇಲ್ಲಿವರೆಗೆ ಹೇಳಿದ್ದೆಲ್ಲ ತಲೆಕೆಳಗು. ಅಲ್ಲಿ ಸ್ಪಂಜು ಬೇಡ, ನಿಮ್ಮ ಸಿಲಿಕಾ ಪೊಟ್ಟಣಗಳನ್ನು ಅವಳಿಗೇ ಕೊಟ್ಟುಬಿಡಿ. ಕರಾವಳಿಯಲ್ಲಿ ಹಲಗೆ ಸೀಳುವುದು ಕಡಿಮೆ, ಹೊಟ್ಟೆ ಉಬ್ಬುವುದು ಜಾಸ್ತಿ. ಬ್ರಿಜ್‌ನ ಹಿಂದೆ ಹಲಗೆ ಮೇಲೆದ್ದು, ತಂತಿ ಎತ್ತರವಾಗಿ, ಒತ್ತಲು ಬೆರಳು ನೋಯುತ್ತದೆ. ಬ್ರಿಜ್‌ನ ಹಿಂಬದಿಯಲ್ಲಿ ಕಾಗದದ ಚೂರು ತೂರಿಸಿ ನೋಡಲಿ, ಒಳಗೆ ಹೋದರೆ ಅಂಟು ಬಿಡುತ್ತಿದೆ. ತಂತಿಗೆ ತುಕ್ಕು ಬೇಗ ಹಿಡಿಯುತ್ತದೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಲಿ. ಒಂದು ವೇಳೆ ಅವಳು ರಜೆಗೆ ಗಿಟಾರ್ ಸಮೇತ ಪುಣೆಗೆ ಬರುವುದಾದರೆ, ಅದೂ ಏಪ್ರಿಲ್‌ನಲ್ಲಿ, ಬಂದ ದಿನವೇ ನಿಮ್ಮ ಸಾಬೂನು ಡಬ್ಬಿಗಳಲ್ಲಿ ಒಂದನ್ನು ಅವಳ ಕೇಸಿಗೆ ಹಾಕಿ.